ಕಣ್ಣಿಗೆ ಬಡಿಸಿದ ಊಟ

ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಈಗ ಬಡಿಸುವವಳು ನಾನು. ಅದು ಯಾರಿಗೂ ಸರಿಹೋಗಿಲ್ಲ, ನನಗೂ ಗೊತ್ತು. "ಖಾರಕ್ಕ, ಸೌಟಮ್ಮ ಎಲ್ಲಿ?" ಎಂದು ತಟ್ಟೆ ಒಡ್ಡಿದವರೆಲ್ಲ ಕೇಳುತ್ತಾರೆ. ಹಿಂದೆ ಪಾತ್ರೆ ತೊಳೆಯುತ್ತಿದ್ದಾಳೆ ಎನ್ನುತ್ತೇನೆ. "ಅಯ್ಯೋ, ಆ ಕೈನ ಪಾತ್ರೆ ತೊಳೆಯೋಕೆ ಹಾಕಿದ್ದೀರಾ? ಬುದ್ಧಿ ಇದೆಯಾ ನಿಮಗೆ?" ಎಂದು ನನ್ನ ಮೇಲೇ ಎಗರುತ್ತಾರೆ. ಯಾರೂ ಹಾಕಲಿಲ್ಲ ಕಣ್ರಪ್ಪಾ, ಇನ್ನು ಸೌಟು ಮುಟ್ಟಲ್ಲ ಅಂತ ಅವಳೇ ಹೋಗಿ ನಿಂತಳು. ಸೊಂಟ ನೋವು, ಕಣ್ಣು ಮಂಜು, ವಯಸ್ಸಾಯಿತು ಎಂದು ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿದೆ. ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ. ನನಗೆ ಖಾರ ಎಂದು ಹೆಸರು ಬಂದದ್ದೇ ಇದ್ದದ್ದನ್ನು ಇದ್ದ ಹಾಗೆ ಹೇಳುವ ಬಾಯಿಯಿಂದ. ಆದ್ದರಿಂದ ಹೇಳಿಬಿಡುತ್ತೇನೆ.

ಸೌಟಮ್ಮನ ವಿಷಯದಲ್ಲಿ ನಾನು ಬಹುವಚನ ಬಳಸುವುದಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಹೊಗೆ ಕುಡಿದಿದ್ದೇವೆ, ಒಂದೇ ಬಾಗಿಲ ಮೆಟ್ಟಿಲ ಮೇಲೆ ಕೂತು ಕಾಲು ನೀಡಿಕೊಂಡಿದ್ದೇವೆ. ನಮ್ಮಿಬ್ಬರ ನಡುವೆ ಬಹುವಚನಕ್ಕೆ ಜಾಗ ಇಲ್ಲ. ಅವಳು ಬೇಯಿಸುತ್ತಿದ್ದಳು, ನಾನು ಹೆಚ್ಚುತ್ತಿದ್ದೆ. ಅವಳು ಕಡಿಮೆ ಮಾತಾಡುತ್ತಾಳೆ, ಉಳಿದದ್ದನ್ನು ನಾನು ಆಡುತ್ತೇನೆ.

ಆ ಸೌಟು ಅವಳ ಕೈಗೆ ಅಂಟಿಕೊಂಡೇ ಹುಟ್ಟಿತ್ತೇನೋ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಕುಲುಮೆಯ ಮುಂದೆ ಬೆಂದು ಬರುವವರು, ಲಾರಿಗೆ ಪೆಟ್ಟಿಗೆ ಏರಿಸುವವರು, ಲೇಬಲ್ ಅಂಟಿಸುವ ಹುಡುಗಿಯರು, ಎಲ್ಲರೂ ಒಂದೇ ಸಾಲಿನಲ್ಲಿ ಬರುತ್ತಾರೆ. ಸೌಟಮ್ಮ ಮುಖ ನೋಡಿ ಬಡಿಸುತ್ತಿದ್ದಳು. ಯಾರ ಹೊಟ್ಟೆ ಎಷ್ಟು ಹಿಡಿಯುತ್ತದೆ, ಯಾರು ಬೆಳಗ್ಗೆ ಏನೂ ತಿನ್ನದೆ ಬಂದಿದ್ದಾರೆ, ಎಲ್ಲ ಅವಳಿಗೆ ಒಂದು ನೋಟದಲ್ಲಿ ತಿಳಿಯುತ್ತಿತ್ತು. ಕುಲುಮೆಯ ಒಬ್ಬನಿಗೆ ಎರಡು ಸೌಟು ಜಾಸ್ತಿ ಹಾಕಿದ್ದನ್ನು ನೋಡಿ ಹಿಂದಿನವನು ತಕರಾರು ತೆಗೆದಾಗ, "ಅವನು ಮನೇಲಿ ಬೈಗುಳ ತಿಂದು ಬಂದಿದ್ದಾನೆ ಕಣಪ್ಪ, ಅದರಿಂದ ಹೊಟ್ಟೆ ತುಂಬಲ್ಲ" ಎಂದಳು. ಸಾಲಿಗೆ ಸಾಲೇ ನಕ್ಕಿತು. ಬೈಗುಳ ತಿಂದವನೂ ನಕ್ಕ.

ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಥೆ ಒಂದೇ ಒಂದು. ಒಂದು ವರ್ಷ ಹೊಳೆ ಉಕ್ಕಿ ಸೇತುವೆ ಕುಸಿದು ಸಾಮಾನಿನ ಲಾರಿ ಬರಲಿಲ್ಲ. ಉಗ್ರಾಣದಲ್ಲಿ ಇದ್ದದ್ದು ಬೇಕಾದದ್ದರ ಅರ್ಧ. ಮೇಲ್ವಿಚಾರಕರು ತಲೆಯ ಮೇಲೆ ಕೈ ಹೊತ್ತು ಕೂತರು. ಅರ್ಧ ತಟ್ಟೆ ಕಂಡರೆ ಕುಲುಮೆಯವರು ಕ್ಯಾಂಟೀನಿಗೇ ಬೆಂಕಿ ಹಚ್ಚಿಯಾರು ಎಂಬ ಭಯ ಅವರಿಗೆ. ಸೌಟಮ್ಮ ಮಾತ್ರ ಸೊಂಟಕ್ಕೆ ಸೆರಗು ಬಿಗಿದಳು. ದೊಡ್ಡ ತಟ್ಟೆಗಳನ್ನೆಲ್ಲ ಒಳಗಿಟ್ಟಳು. ಉಗ್ರಾಣದ ಮೂಲೆಯಿಂದ, ಹಿಂದೆ ಯಾರೋ ಸಿಹಿ ಬಡಿಸುವುದಕ್ಕೆಂದು ತರಿಸಿದ್ದ ದಪ್ಪ ತಳದ ಪಿಂಗಾಣಿ ಬಟ್ಟಲುಗಳನ್ನು ತೆಗೆಸಿದಳು. ಹೊರಗಿನಿಂದ ನೋಡಿದರೆ ಆಳ, ಒಳಗೆ ಅರ್ಧ ಬರೀ ಪಿಂಗಾಣಿ. ಊಟಕ್ಕೆ ಮೊದಲು ಒಬ್ಬೊಬ್ಬರಿಗೆ ಒಂದು ದೊಡ್ಡ ಲೋಟ ತುಂಬ ತರಕಾರಿ ಬೇಯಿಸಿದ ಬಿಸಿ ನೀರು, ಉಪ್ಪು ಹಾಕಿ. ಅನ್ನವನ್ನು ಒತ್ತದೆ, ಹಗುರಾಗಿ ಕೆದಕಿ ಎತ್ತರಕ್ಕೆ ನಿಲ್ಲಿಸಿದಳು. ನನ್ನ ಕೈಲಿ ತರಕಾರಿಯನ್ನು ದಪ್ಪ ದಪ್ಪ ಹೆಚ್ಚಿಸಿ ಮೇಲೆ ಕಾಣುವ ಹಾಗೆ ಜೋಡಿಸಿದಳು. ಕುಲುಮೆಯವರು ತೇಗಿ ಎದ್ದು ಹೋದರು. ಒಬ್ಬನಿಗೂ ಅನುಮಾನ ಬರಲಿಲ್ಲ.

"ಕಣ್ಣಿಗೆ ಮೊದಲು ಬಡಿಸಬೇಕು ಕಣೇ. ಹೊಟ್ಟೆ ತಾನಾಗೇ ಸುಮ್ಮನಾಗುತ್ತೆ" ಎಂದು ಆ ದಿನ ಹೇಳಿದಳು. ಲಾರಿ ಬಂದ ಮೇಲೆ ಒಂದು ವಾರ ಎಲ್ಲರಿಗೂ ತುಂಬಿ ತುಂಬಿ ಹಾಕಿ ಆ ಬಾಕಿ ತೀರಿಸಿದಳು, ಅದನ್ನೂ ಹೇಳಬೇಕು. ಕಳ್ಳ ಕೈಯಲ್ಲ ಅವಳದು.

ಅವಳ ಮನೆ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಕಡಿದಾದ ಮೆಟ್ಟಿಲ ಮೇಲೆ, ಎರಡು ಕೋಣೆ. ಕಿಟಕಿ ತೆರೆದರೆ ಲಾರಿಗಳು ನಿಲ್ಲುವ ಅಂಗಳ, ಬಾಟಲಿಗಳ ಕಿಣಿಕಿಣಿ. ಅಲ್ಲಿ ಅವಳೂ ಮೊಮ್ಮಗಳೂ ಇದ್ದರು. ಮಗಳು ಹೆರಿಗೆಯಲ್ಲಿ ತೀರಿಕೊಂಡಳು, ಅಳಿಯ ಬೇರೆ ಸಂಸಾರ ಹೂಡಿದ. ಕೂಸನ್ನು ಸೌಟಮ್ಮನೇ ಬಾಟಲಿ ಹಾಲು ಹಾಕಿ ಸಾಕಿದಳು. ಆ ಹುಡುಗಿಗೆ ಗುಬ್ಬಿ ಎಂದು ಹೆಸರು ಬಿದ್ದದ್ದು ಕ್ಯಾಂಟೀನಿನಲ್ಲೇ, ಎಲ್ಲರ ತಟ್ಟೆಯಿಂದಲೂ ಒಂದೊಂದು ಕಾಳು ಹೆಕ್ಕಿ ತಿನ್ನುತ್ತ ಓಡಾಡುತ್ತಿದ್ದಳು ಎಂದು. ನನ್ನನ್ನು ಅವಳು ಖಾರತ್ತೆ ಎನ್ನುತ್ತಾಳೆ.

ಗುಬ್ಬಿಗೆ ಹದಿನೇಳು ತುಂಬುವುದರೊಳಗೆ ವಾಂತಿ ಶುರುವಾಯಿತು. ಲೇಬಲ್ ವಿಭಾಗಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಪೆಟ್ಟಿಗೆ ಸಾಗಿಸುವ ವ್ಯಾನಿನ ಡ್ರೈವರ್ ಒಬ್ಬನಿದ್ದ. ಮದುವೆ ಆಗ್ತೀನಿ ಅಂದಿದ್ದನಂತೆ. ವಿಷಯ ಗೊತ್ತಾದ ವಾರವೇ ಬೇರೆ ಊರಿನಲ್ಲಿ ಕೆಲಸ ಹಿಡಿದ, ಆಮೇಲೆ ಫೋನ್ ಎತ್ತುವುದನ್ನೂ ಬಿಟ್ಟ. ಅವನ ಬಗ್ಗೆ ಇಷ್ಟು ಸಾಕು. ಇದಕ್ಕಿಂತ ಹೆಚ್ಚು ಬಾಯಿ ಬಿಟ್ಟರೆ ನನ್ನ ನಾಲಿಗೆ ಹೊಲಸಾಗುತ್ತದೆ.

ಬೀದಿಯವರು ಆಡಿಕೊಂಡರು. ಸೌಟಮ್ಮ ಹುಡುಗಿಗೆ ಒಂದು ಏಟೂ ಹೊಡೆಯಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಆದರೆ ವಿಷಯ ತಿಳಿದ ದಿನ ಅವಳ ಮುಖ ಬಿಳುಚಿಕೊಂಡದ್ದನ್ನು ನಾನು ನೋಡಿದೆ. ಮರ್ಯಾದೆಗೆ ಹೆದರಿದಳು ಎಂದುಕೊಂಡೆ. "ಆಡೋ ಬಾಯಿಗೆ ಬೀಗ ಹಾಕೋಕಾಗುತ್ತಾ? ಬಿಡು. ನಂಗೆ ಇವಳು ಉಳಿದರೆ ಸಾಕು" ಎಂದಳು. ಉಳಿದರೆ ಎಂದಳು. ಆಗ ಆ ಮಾತು ನನಗೆ ಏನೂ ಅನಿಸಲಿಲ್ಲ.

ಅಂದಿನಿಂದ ಗುಬ್ಬಿಯ ಊಟ ಅಜ್ಜಿಯ ಕೈಯಿಂದಲೇ. ಮಧ್ಯಾಹ್ನ ಕ್ಯಾಂಟೀನಿನ ಒಳಗೆ, ಒಲೆಯ ಪಕ್ಕದ ಪುಟ್ಟ ಬೆಂಚಿನ ಮೇಲೆ ಕೂರಿಸಿ ತಾನೇ ಬಡಿಸುತ್ತಿದ್ದಳು. ಮನೆಯಲ್ಲಿ ಬೇರೆ ಯಾರು ಬಡಿಸಬೇಕು? ಬೆಂಚಿನ ಮುಂದೆ ನಾನು ಹಾದು ಹೋದಾಗಲೆಲ್ಲ ಬಟ್ಟಲ ತುಂಬ ಅನ್ನ, ಮೇಲೆ ತರಕಾರಿ, ಪಕ್ಕದಲ್ಲಿ ಹಬೆಯಾಡುವ ಲೋಟ. ಪುಣ್ಯವಂತೆ ಕಣೇ ನೀನು ಎಂದು ನಾನೇ ಗುಬ್ಬಿಯ ತಲೆ ಸವರಿದ್ದೇನೆ.

ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. "ನಂಗೆ ಆಸ್ಪತ್ರೆ ವಾಸನೆ ಆಗಲ್ಲ, ನೀನೇ ಹೋಗಿ ಬಾ" ಎಂದಳು ಸೌಟಮ್ಮ. ಮೀನು ಕೊಳೆತರೂ ಮೂಗು ಮುಚ್ಚದವಳಿಗೆ ಇದೆಲ್ಲಿಯ ಮಡಿ ಎಂದುಕೊಂಡು ನಾನೇ ಹೋದೆ.

ಅಲ್ಲಿನ ನರ್ಸಮ್ಮ ಚುರುಕು ಹೆಂಗಸು, ಮಾತು ಸ್ವಲ್ಪ ಒರಟು. ಮೊದಲ ಸಲವೇ ಗುಬ್ಬಿಗೆ ತಿಳಿಸಿ ಹೇಳಿದರು. "ನೋಡಮ್ಮ, ದೊಡ್ಡವರ ಬಸಿರೇ ಬೇರೆ, ನಿನ್ನದೇ ಬೇರೆ. ನೀನೇ ಇನ್ನೂ ಬೆಳೆಯೋ ಹುಡುಗಿ. ಮಗೂಗೂ ಬೇಕು, ನಿನ್ನ ಮೂಳೆಗೂ ಬೇಕು. ಬೇಳೆ, ಮೊಟ್ಟೆ, ಹಾಲು, ಸೊಪ್ಪು ಬಿಡಬೇಡ. ಎರಡು ಊಟದ ಮಧ್ಯೆ ಏನಾದರೂ ಬಾಯಿಗೆ ಹಾಕ್ಕೋ. ಮಾತ್ರೆ ಮರೀಬೇಡ. ತೂಕ ಏರ್ತಾ ಹೋಗಬೇಕು, ಅದೇ ನಮಗೆ ಗುರುತು."

ತೂಕ ಏರಲಿಲ್ಲ. ವಾಂತಿ ನಿಂತು ಎಷ್ಟೋ ದಿನವಾಗಿತ್ತು, ಹೊಟ್ಟೆ ಮುಂದೆ ಬರುತ್ತಿತ್ತು, ಕೈಕಾಲು ಮಾತ್ರ ಕಡ್ಡಿ. ರಕ್ತ ಪರೀಕ್ಷೆ ಮಾಡಿಸಿದರು, ಜಂತುಹುಳಕ್ಕೆ ಔಷಧಿ ಕೊಟ್ಟರು, ಡಾಕ್ಟರಿಗೂ ತೋರಿಸಿದರು. ರಕ್ತ ಸ್ವಲ್ಪ ಕಡಿಮೆ ಎನ್ನುವುದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಒಂದು ಸಲ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರೆ ಹುಡುಗಿ ಬೆರಳಗಲ ಉದ್ದವಾಗಿದ್ದಾಳೆ. ನರ್ಸಮ್ಮ ತಲೆ ಕೊಡವಿದರು. "ಇವಳೂ ಎಳೀತಿದ್ದಾಳೆ, ಮಗೂನೂ ಎಳೀತಿದೆ. ಒಳಗೆ ಏನಾದರೂ ಹೋದರೆ ತಾನೇ?" ಎಂದವರೇ ಗುಬ್ಬಿಯ ಕಡೆ ತಿರುಗಿದರು. "ನಿಜ ಹೇಳು. ದಪ್ಪ ಆಗ್ತೀನಿ ಅಂತ ಊಟ ಬಿಡ್ತಿದ್ದೀಯಾ? ತಿಂದು ವಾಂತಿ ಮಾಡ್ತಿದ್ದೀಯಾ? ಎಷ್ಟು ಹುಡುಗಿಯರನ್ನ ನೋಡಿಲ್ಲ ನಾನು!"

"ಇಲ್ಲ ಮೇಡಂ, ಬಟ್ಟಲು ಖಾಲಿ ಮಾಡ್ತೀನಿ" ಎಂದಳು ಗುಬ್ಬಿ. ಕಣ್ಣಲ್ಲಿ ನೀರು.

ನನಗೆ ಸಿಟ್ಟು ಬಂತು. "ನಾನೇ ಕಣ್ಣಾರೆ ನೋಡ್ತೀನಲ್ಲ ನರ್ಸಮ್ಮ! ಇವಳಜ್ಜಿ ಎಂಥವಳು ಅಂತ ಕಾರ್ಖಾನೇಲಿ ಯಾರನ್ನ ಬೇಕಾದರೂ ಕೇಳಿ. ಊರಿಗೆಲ್ಲ ಹಾಕೋಳು ಮೊಮ್ಮಗಳಿಗೆ ಹಾಕದೆ ಇರ್ತಾಳಾ?" ಎಂದು ಜೋರು ಮಾಡಿದೆ. ನರ್ಸಮ್ಮ ಮಾತ್ರೆ ಎಣಿಸಿ ಕೊಟ್ಟರು. ನಾವು ಹೊರಗೆ ಬಂದೆವು. ದಾರಿಯುದ್ದಕ್ಕೂ ಗುಬ್ಬಿ ಮೂಗು ಒರೆಸಿಕೊಳ್ಳುತ್ತ ಬಂದಳು. "ನನ್ನ ಮೈನೇ ಕೆಟ್ಟದ್ದು ಅನಿಸುತ್ತೆ ಖಾರತ್ತೆ. ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತೋ" ಎಂದಳು.

ಮುಂದಿನ ವಾರ ಸೌಟಮ್ಮನಿಗೆ ಹಲ್ಲು ನೋವು ಬಂತು. ಕೆನ್ನೆ ಊದಿಕೊಂಡು ಮಧ್ಯಾಹ್ನದ ಹೊತ್ತಿಗೆ ಹಲ್ಲಿನ ಡಾಕ್ಟರ ಬಳಿಗೆ ಹೋದಳು. ಹೋಗುವಾಗ, ಮಾತಾಡಲು ಆಗದಿದ್ದರೂ, ಬೆಂಚಿನ ಮೇಲೆ ಬಟ್ಟಲಿಟ್ಟು ಮುಚ್ಚಿದ್ದೇನೆ ಎಂದು ಸನ್ನೆ ಮಾಡಿದಳು. ಬಡಿಸುವ ಗಡಿಬಿಡಿಯಲ್ಲಿ ಯಾರದೋ ಮೊಣಕೈ ತಾಗಿ ಆ ಬಟ್ಟಲು ಚೆಲ್ಲಿ ಹೋಯಿತು. ನಾನು ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಎಲ್ಲರಿಗೂ ಹಾಕುವ ಅಲ್ಯೂಮಿನಿಯಂ ತಟ್ಟೆಯಲ್ಲಿ ಗುಬ್ಬಿಗೆ ಎಲ್ಲರಷ್ಟೇ ಅನ್ನ, ಎಲ್ಲರಷ್ಟೇ ಬೇಳೆ ಹಾಕಿದೆ, ಒಂದು ಮೊಟ್ಟೆ ಇಟ್ಟೆ.

ಅವಳು ತಟ್ಟೆಯನ್ನೂ ನನ್ನನ್ನೂ ನೋಡಿದಳು. "ಇಷ್ಟೊಂದಾ?"

"ಏನು ಇಷ್ಟೊಂದು? ಲೇಬಲ್ ಹುಡುಗಿಯರಿಗೆ ಹಾಕೋದೇ ಇಷ್ಟು. ತಿನ್ನು ಸುಮ್ಮನೆ."

ತಿಂದಳು. ತಲೆ ಎತ್ತದೆ ತಿಂದಳು. ತಟ್ಟೆ ಬರಿದಾದ ಮೇಲೆ ಬೆರಳಲ್ಲಿ ಅಂಚು ಬಳಿದಳು. ಆಮೇಲೆ ಬಹಳ ನಾಚಿಕೊಂಡು, "ಇನ್ನೊಂಚೂರು ಇದೆಯಾ ಅತ್ತೆ?" ಎಂದಳು.  ಇನ್ನೊಂದು ತಟ್ಟೆ ಹಾಕಿ ಕೊಟ್ಟು ತೊಳೆಯುವ ಕಡೆಗೆ ಹೋದವಳು, ಪಕ್ಕಕ್ಕೆ ಸರಿಸಿದ್ದ ಆ ಬಟ್ಟಲನ್ನು ಕೈಗೆ ತೆಗೆದುಕೊಂಡೆ. ಭಾರವಾಗಿತ್ತು. ಒಳಗೆ ಬೆರಳಿಟ್ಟು ನೋಡಿದೆ. ಎರಡನೆಯ ಗೆಣ್ಣು ಮುಳುಗುವುದರೊಳಗೆ ತಳ ಸಿಕ್ಕಿತು. ಸೇತುವೆ ಕುಸಿದ ವರ್ಷದ ಬಟ್ಟಲು. ಚೆಲ್ಲಿದ್ದನ್ನು ಬಾಚಿ ನೋಡಿದರೆ ಬೇಳೆ ಇಲ್ಲ, ಮೊಟ್ಟೆ ಇಲ್ಲ, ಅನ್ನ ಒಂದು ಹಿಡಿಯೂ ಇಲ್ಲ. ಪಕ್ಕದಲ್ಲಿ ಆ ಬಿಸಿ ನೀರಿನ ಲೋಟ.

ಎಲಾ ಇವಳಾ ಎಂದುಕೊಂಡೆ. ಮೈಯೆಲ್ಲ ಉರಿಯಿತು.

ಸೌಟಮ್ಮ ಕೆನ್ನೆಗೆ ಬಟ್ಟೆ ಒತ್ತಿಕೊಂಡು ವಾಪಸು ಬಂದಾಗ ಪಾಳಿ ಮುಗಿದಿತ್ತು, ಗುಬ್ಬಿ ಮನೆಗೆ ಹೋಗಿದ್ದಳು. ಬಟ್ಟಲನ್ನು ಅವಳ ಮುಂದೆ ಕುಕ್ಕಿದೆ. "ಏನೇ ಇದು? ಕುಲುಮೆಯವರ ಕಣ್ಣಿಗೆ ಮಣ್ಣೆರಚಿದ್ದು ಸಾಲದು ಅಂತ ಬಸುರಿ ಹುಡುಗಿ ಕಣ್ಣಿಗೂ ಎರಚಿದೆಯಾ? ಹೊಟ್ಟೇಲಿರೋ ಪಿಂಡಕ್ಕೆ ಮೋಸ ಮಾಡ್ತೀಯಲ್ಲೇ, ನೀನು ಮನುಷ್ಯಳೇನೇ? ಆ ನರ್ಸು ಅವಳನ್ನ ಕಳ್ಳಿ ಅಂತ ಬೈದರೆ ನಾನು ನಿನ್ನ ಪರ ಜಗಳ ಆಡಿ ಬಂದೆನಲ್ಲೇ!" ಇನ್ನೂ ಏನೇನೋ ಅಂದೆ. ಅವಳು ತಡೆಯಲಿಲ್ಲ. ನನ್ನ ಬಾಯಿ ಸೋತ ಮೇಲೆ, ಒಂದು ಕಡೆಯ ತುಟಿಯಲ್ಲೇ, "ಮಗು ಬೆಳೀಬಾರದು ಅಂತ" ಎಂದಳು.

"ಏನಂದೆ?"

"ಮಗು ಸಣ್ಣಗಿದ್ದರೆ ಸಲೀಸಾಗಿ ಹೊರಗೆ ಬರುತ್ತೆ. ನನ್ನ ಮಗಳಿಗೆ ನಾನು ಹಾಕಿದೆ ಕಣೇ. ಬಾಯಿ ಬೇಡ ಅಂದರೂ ತುರುಕಿದೆ. ಕೆನ್ನೆ ನೋಡಿ ಎಲ್ಲರೂ ಹೊಗಳೋರು. ಗುಬ್ಬಿ ದೊಡ್ಡ ಕೂಸು. ಸಿಕ್ಕಿಹಾಕಿಕೊಂಡಿತು. ಒಂದು ಹಗಲು, ಒಂದು ರಾತ್ರಿ ಕೂಗಿದಳು ನನ್ನ ಮಗಳು. ಆಸ್ಪತ್ರೆಗೆ ಎತ್ತಿಕೊಂಡು ಹೋಗೋ ಹೊತ್ತಿಗೆ ಎಲ್ಲ ಮೀರಿತ್ತು. ಕೂಸನ್ನ ನನ್ನ ಕೈಗೆ ಕೊಟ್ಟಾಗ ಪಕ್ಕದಲ್ಲಿ ನಿಂತಿದ್ದ ಯಾರೋ ಒಬ್ಬಳು, 'ಚೆನ್ನಾಗಿ ತಿನ್ನಿಸಿದ್ದೀರಿ ಬಿಡಿ' ಅಂದಳು."

ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ ಎನ್ನುತ್ತಾರಲ್ಲ, ಇವಳು ಮಜ್ಜಿಗೆಯನ್ನೇ ಚೆಲ್ಲಿಬಿಟ್ಟಿದ್ದಳು. ಹದಿನೇಳು ವರ್ಷ ಆ ಒಂದು ಮಾತನ್ನು ಒಳಗೆ ಇಟ್ಟುಕೊಂಡು, ಊರವರ ತಟ್ಟೆ ತುಂಬಿಸಿದ್ದಾಳೆ. ಯಾವ ಡಾಕ್ಟರನ್ನೂ ಕೇಳಿಲ್ಲ. ಕೇಳಿದರೆ ಹೌದು ನೀನೇ ಕೊಂದೆ ಎಂದಾರು ಎಂಬ ಹೆದರಿಕೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೂ ಕೈ ಹಿಡಿದು ಎಬ್ಬಿಸಿದೆ. "ಅಳೋದು ಆಮೇಲೆ. ನಾಳೆ ಬೆಳಗ್ಗೆ ನರ್ಸಮ್ಮನ ಹತ್ತಿರ ನೀನೇ ಬರ್ತೀಯ. ವಾಸನೆಗೀಸನೆ ಅಂದರೆ ಮೂಗು ಕುಯ್ದು ಕರ್ಕೊಂಡು ಹೋಗ್ತೀನಿ."

ಬಂದಳು. ಗುಬ್ಬಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರು ಒಳಗೆ ಹೋದೆವು. ಸೌಟಮ್ಮ ಏನನ್ನೂ ಮುಚ್ಚಿಡದೆ ಹೇಳಿದಳು, ಬಟ್ಟಲು, ಬಿಸಿ ನೀರು, ಮಗಳು, ಎಲ್ಲ. ನರ್ಸಮ್ಮ ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಅಜ್ಜಿ, ನಿಮ್ಮ ಮಗಳಿಗೆ ಆಗ ವಯಸ್ಸೆಷ್ಟು?" ಎಂದು ಕೇಳಿದರು.

"ಇವಳಷ್ಟೇ."

"ಅಷ್ಟು ಚಿಕ್ಕವರಿಗೆ ಸೊಂಟದ ಮೂಳೆ ಇನ್ನೂ ಪೂರ್ತಿ ಬಲಿತಿರಲ್ಲ, ದಾರಿ ಇಕ್ಕಟ್ಟು. ಎಷ್ಟೋ ಸಲ ಸಾಧಾರಣ ಮಗುವೇ ಸಿಕ್ಕಿಕೊಳ್ಳುತ್ತೆ. ಬೇಗ ಆಸ್ಪತ್ರೆಗೆ ತಂದಿದ್ದರೆ ಏನಾದರೂ ಮಾಡಬಹುದಿತ್ತೇನೋ. ನೀವು ಹಾಕಿದ ಊಟದಿಂದ ಅವಳು ಹೋಗಲಿಲ್ಲ. ಇವಳ ಹೆರಿಗೆ ನಾವು ಆಸ್ಪತ್ರೇಲೇ ಮಾಡಿಸ್ತೀವಿ, ದಾರಿ ಇಲ್ಲದಿದ್ದರೆ ಆಪರೇಷನ್ ಇದೆ. ಆದರೆ ಹಸಿವಿಟ್ಟರೆ ದಾರಿ ದೊಡ್ಡದಾಗಲ್ಲ ಅಜ್ಜಿ. ಮಗುವಿನ ಕಸು ಕಡಿಮೆ ಆಗುತ್ತೆ, ದಿನ ತುಂಬೋ ಮುಂಚೆ ಹುಟ್ಟಿಬಿಡಬಹುದು, ತಾಯಿಗೂ ಶಕ್ತಿ ಇರಲ್ಲ."

ಸೌಟಮ್ಮ ತನ್ನ ಅಂಗೈಗಳನ್ನು ನೋಡಿಕೊಂಡಳು. "ಹಾಗಾದರೆ ಅವಳಿಗೆ ಹಾಕಿದ್ದು ತಪ್ಪಲ್ಲ" ಎಂದಳು ಮೆಲ್ಲಗೆ. ಆಮೇಲೆ, "ಇವಳಿಗೆ ಹಾಕದೆ ಇದ್ದದ್ದು ತಪ್ಪು" ಎಂದಳು. ನರ್ಸಮ್ಮ ಅವಳ ಭುಜದ ಮೇಲೆ ಕೈ ಇಟ್ಟರು.  ಹೊರಗೆ ಬಂದು ಗುಬ್ಬಿಯ ಗಲ್ಲ ಹಿಡಿದು, "ಅವತ್ತು ಸುಮ್ಮಸುಮ್ಮನೆ ಬೈದೆ ಕಣಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂದರು. ಹುಡುಗಿಗೆ ಈಗಲೇ ಏನೂ ಹೇಳುವುದು ಬೇಡ, ಮೊದಲು ಹೊಟ್ಟೆ ತುಂಬಲಿ ಎಂದು ನಮಗೆ ಪಿಸುಗುಟ್ಟಿದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ, ಅಳುವೂ ಬರುತ್ತದೆ. ಸೌಟಮ್ಮ ಕಳೆದುಹೋದ ತಿಂಗಳುಗಳನ್ನೆಲ್ಲ ಒಂದೇ ಸಲಕ್ಕೆ ತುಂಬಿಕೊಡಲು ಹೊರಟಳು. ಬೆಳಗ್ಗೆ ಹಾಲು, ಮಧ್ಯೆ ಬಾಳೆಹಣ್ಣು, ಕಡಲೆಕಾಯಿ, ಊಟಕ್ಕೆ ಬೇಳೆ, ಮೊಟ್ಟೆ, ಸೊಪ್ಪು. "ಒಂದೇ ಸಲ ತುರುಕಬೇಡಿ ಅಜ್ಜಿ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಕೊಡಿ" ಎಂದು ನರ್ಸಮ್ಮನೇ ತಡೆಯಬೇಕಾಯಿತು. ಯಾರಿಗೂ ಏನೂ ಹೇಳದಿದ್ದರೂ ಗುಬ್ಬಿಯ ತೂಕ ಏರುತ್ತಿಲ್ಲ ಎಂಬ ಗಾಳಿ ಕುಲುಮೆಯವರಿಗೆ ಹೇಗೋ ತಾಗಿ, ಒಬ್ಬ ತನ್ನ ಮನೆಯ ಕೋಳಿಮೊಟ್ಟೆ ತಂದಿಟ್ಟ. "ಗುಬ್ಬಿ ಹೋಗಿ ಬಾತುಕೋಳಿ ಆಗ್ತಿದ್ದಾಳೆ" ಎಂದು ಲೇಬಲ್ ಹುಡುಗಿಯರು ರೇಗಿಸಿದರು. ತೂಕದ ಮುಳ್ಳು ಕೊನೆಗೂ ಅಲುಗಿತು. ಅದು ಅಲುಗಿದ ದಿನ ಸೌಟಮ್ಮ ಆರೋಗ್ಯ ಕೇಂದ್ರದ ಬಾಗಿಲಲ್ಲೇ ಕುಸಿದು ಕೂತು ಅತ್ತಳು. ಗುಬ್ಬಿ ನಕ್ಕಳು. "ನೋಡು ಖಾರತ್ತೆ, ನಾನು ದಪ್ಪ ಆದರೆ ಅಜ್ಜಿ ಅಳ್ತಾಳೆ."

ಆದರೆ ಆಗಲೇ ತಡವಾಗಿತ್ತು. ಬೆಟ್ಟದಷ್ಟು ದಿನ ಮುಂದಿದೆ ಎಂದುಕೊಂಡಿದ್ದೆವು. ದಿನ ತುಂಬುವುದಕ್ಕೆ ಇನ್ನೂ ಬಹಳ ಮೊದಲೇ, ಒಂದು ಬೆಳಗ್ಗೆ ಲೇಬಲ್ ಮೇಜಿನ ಮುಂದೆ ಗುಬ್ಬಿಯ ಬಸಿರ ನೀರು ಒಡೆದು ಹೋಯಿತು. ದೊಡ್ಡ ಆಸ್ಪತ್ರೆಗೆ ಕಾರ್ಖಾನೆಯ ವ್ಯಾನಿನಲ್ಲೇ ಕರೆದುಕೊಂಡು ಹೋದೆವು. ಹೆರಿಗೆ ಸಲೀಸಾಗಿ ಆಯಿತು. ಸೌಟಮ್ಮ ಬೇಡಿಕೊಂಡಿದ್ದ ಹಾಗೆಯೇ, ಕೂಗಾಟ ಇಲ್ಲ, ಏನಿಲ್ಲ. ಕೂಸು ಹೆಣ್ಣು, ನನ್ನ ಅಂಗೈ ಮತ್ತು ಮುಂಗೈ ಸೇರಿದರೆ ಅಷ್ಟು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಬಿಸಿ ಕೊಟ್ಟರು, ಮೂಗಿಗೆ ನಳಿಗೆ ಹಾಕಿದರು. ಗುಬ್ಬಿ ಹೊರಗಿನಿಂದ ನೋಡಿದಳು. ಎತ್ತಿಕೊಳ್ಳುವುದಕ್ಕೆ ಬಿಡಲಿಲ್ಲ. ವಾರ ತುಂಬುವ ಮೊದಲೇ ಕೂಸು ಹೋಯಿತು.

ನರ್ಸಮ್ಮ ಬಂದು ನಮ್ಮಿಬ್ಬರನ್ನು ಪಕ್ಕಕ್ಕೆ ಕರೆದರು. "ಇದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ ಅಜ್ಜಿ. ಚೆನ್ನಾಗಿ ತಿಂದವರಿಗೂ ಹೀಗಾಗುತ್ತೆ, ಈ ವಯಸ್ಸಿನಲ್ಲಿ ಇನ್ನೂ ಜಾಸ್ತಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಸುಳ್ಳೂ ಅಲ್ಲ. ಸೌಟಮ್ಮ ತಲೆಯಾಡಿಸಿದಳು, ಆ ಸಮಾಧಾನವನ್ನು ತೆಗೆದುಕೊಳ್ಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಗುಬ್ಬಿ ಊಟ ಬಿಟ್ಟಳು. ಒಂದು ಮಧ್ಯಾಹ್ನ ನಾನು ಬೇಳೆ ಅನ್ನ ಕಟ್ಟಿಕೊಂಡು ಆ ಕಡಿದಾದ ಮೆಟ್ಟಿಲು ಹತ್ತಿದೆ. ಕಿಟಕಿ ತೆರೆದಿತ್ತು, ಕೆಳಗೆ ಲಾರಿಗೆ ಪೆಟ್ಟಿಗೆ ಏರಿಸುತ್ತಿದ್ದರು. ಹುಡುಗಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಅಜ್ಜಿ ಎದುರಿಗೆ. ಎದೆಯಲ್ಲಿ ಹಾಲು ಬಂದು ರವಿಕೆ ಒದ್ದೆಯಾಗಿತ್ತು. ತಟ್ಟೆ ಮುಂದಿಟ್ಟೆ. ದೂಡಿದಳು.

"ಆಗ ತಿನ್ನಬೇಕಿತ್ತು. ಈಗ ತಿಂದು ಏನು ಮಾಡಲಿ?" ಎಂದಳು. "ನರ್ಸಮ್ಮ ಅಷ್ಟು ಹೇಳಿದ್ದರು. ಬಟ್ಟಲು ಮುಗಿದ ಮೇಲೂ ಇನ್ನೂ ಬೇಕು ಅನಿಸೋದು ಖಾರತ್ತೆ. ನಾಚಿಕೆ ಆಗ್ತಿತ್ತು. ಇಷ್ಟು ತಿಂದೂ ಇನ್ನೂ ಬೇಕಾ, ಮಾಡಿದ್ದೂ ಮಾಡಿ ಅಜ್ಜಿ ಮೇಲೆ ಹೊರೆ ಬೇರೆ ಹಾಕ್ತೀನಾ ಅಂತ. ಬಾಯಿ ಬಿಟ್ಟು ಕೇಳಿದ್ದರೆ ಬದುಕ್ತಿತ್ತು. ನಾನೇ ಕಳ್ಕೊಂಡೆ."

ಸೌಟಮ್ಮ ಬಾಯಿ ತೆರೆಯುವುದನ್ನು ಕಂಡೆ. ಬೇಡ ಎಂದು ಕಣ್ಣಲ್ಲೇ ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ ನಾನೇ ಬೇಡ ಎಂದೆ. ಅವಳಿಗೆ ಈ ಹುಡುಗಿ ಬಿಟ್ಟರೆ ಲೋಕದಲ್ಲಿ ಯಾರಿದ್ದಾರೆ? ಹೇಳಿದರೆ ಇವಳೂ ಕೈತಪ್ಪುತ್ತಾಳೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ನೀನಲ್ಲ ಮಗಳೇ" ಎಂದಳು. "ನಾನು. ನಿನಗೆ ಬೇಕೂಂತ ಕಡಿಮೆ ಹಾಕ್ತಿದ್ದೆ. ತುಂಬಿರೋ ಹಾಗೆ ಕಾಣಿಸ್ತಿದ್ದೆ, ತುಂಬಿರಲಿಲ್ಲ." ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಗುಬ್ಬಿಯ ಅಮ್ಮನ ಹೆರಿಗೆಯನ್ನೂ ಹೇಳಿದಳು. ಕ್ಷಮಿಸು ಎನ್ನಲಿಲ್ಲ. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದೂ ಅನ್ನಲಿಲ್ಲ.

ಗುಬ್ಬಿ ಕೂಗಾಡುತ್ತಾಳೆ, ತಟ್ಟೆ ಎಸೆಯುತ್ತಾಳೆ ಎಂದು ನಾನು ಅಂಜಿ ಕೂತೆ. ಹಾಗೇನೂ ಮಾಡಲಿಲ್ಲ.  ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು.

"ಅಜ್ಜಿ, ಒಂದು ಕೇಳ್ತೀನಿ, ನಿಜ ಹೇಳು. ಮಲಗೋ ಹೊತ್ತಿಗೆ ಹೊಟ್ಟೆ ಒಳಗೆ ಹಿಂಡಿದ ಹಾಗಾಗುತ್ತೆ, ಗುಡುಗುಡು ಅನ್ನುತ್ತೆ ಅಂತ ನಾನು ಹೇಳಿದಾಗಲೆಲ್ಲ, ನೀನು ಮಗು ಹೊರಳ್ತಿದೆ ಕಣೇ ಅಂತಿದ್ದೆ. ನಾನು ಕೈ ಇಟ್ಟುಕೊಂಡು ಅದರ ಹತ್ತಿರ ಮಾತಾಡ್ತಿದ್ದೆ. ಅದನ್ನ ನಾನು ಎತ್ತಿಕೊಳ್ಳಲಿಲ್ಲ ಅಜ್ಜಿ. ನನಗೆ ಅಂತ ನೆನಪಿರೋದು ಅದೊಂದೇ. ಅದರಲ್ಲಿ ಯಾವುದು ನನ್ನ ಮಗು, ಯಾವುದು ಹಸಿವು?"

ಕೆಳಗೆ ಲಾರಿ ಹೊರಟಿತು. ಸೌಟಮ್ಮ ಮೊಮ್ಮಗಳ ಹೊಟ್ಟೆಯ ಮೇಲಿದ್ದ ಕೈಯನ್ನೇ ನೋಡಿದಳು. ಕೊನೆಗೆ, "ನನಗೂ ಗೊತ್ತಿಲ್ಲ ಕಣೇ" ಎಂದಳು.